ತೊರೆಬಾಗಿಲಿನ ಬಿಸಿಲುಕಟ್ಟೆ

ತೊರೆಬಾಗಿಲು ಬಂದರಿನ ಹಳೆಯ ಸುಂಕದ ಕಟ್ಟಡವನ್ನು ದಾಟಿ ಹೊಳೆಯ ದಂಡೆಯಲ್ಲಿ ನಡೆದರೆ ಒಂದು ದೊಡ್ಡ ಹೊನ್ನೆಮರ ಸಿಗುತ್ತದೆ. ಅದರ ಬುಡದಲ್ಲಿ ಕೆಲವು ಗೋರಿಕಲ್ಲುಗಳು ಮಲಗಿವೆ. ಅವುಗಳ ಅಕ್ಷರಗಳನ್ನು ಉಪ್ಪುಗಾಳಿ ಎಂದೋ ತಿಂದುಹಾಕಿದೆ. ಉಳಿದೆಲ್ಲ ಕಡೆಗೂ ಕೊಂಬೆಗಳನ್ನು ನೆಲಮುಟ್ಟ ಹರಡಿರುವ ಈ ಮರ ತೆಂಕಣ ಕಡೆಗೆ ಮಾತ್ರ ಬೋಳಾಗಿದೆ. ಆ ಬೋಳು ಜಾಗದಲ್ಲಿ, ಸುಡುವ ಬಿಸಿಲಿನಲ್ಲಿ, ಕೆಂಪುಕಲ್ಲಿನ ಒಂದು ಕಟ್ಟೆಯಿದೆ. ಅದು ಎಷ್ಟು ತಗ್ಗಾಗಿದೆಯೆಂದರೆ ಕುಳಿತವರ ಮಂಡಿ ಎದೆಗೆ ಬರುತ್ತದೆ. ನೋಡಲು ಬಂದವರು ನಗುತ್ತಾರೆ: ಇಷ್ಟು ಹತ್ತಿರ ನೆರಳಿರುವಾಗ ಬಿಸಿಲಿನಲ್ಲಿ ಕಟ್ಟೆ ಕಟ್ಟಿದ ಜಾಣ ಯಾರು? ಊರಿನ ಫಲಕದಲ್ಲಿ ಇದನ್ನು ‘ಶಾಪದ ಕಟ್ಟೆ’ ಎಂದು ಬರೆಯಿಸಿದ್ದಾರೆ. ಅದು ತಪ್ಪು. ಇಲ್ಲಿ ಯಾರೂ ಯಾರಿಗೂ ಶಾಪ ಕೊಟ್ಟಿಲ್ಲ. ಇದರ ಹೆಸರು ಬಿಸಿಲುಕಟ್ಟೆ. ಆ ಹೆಸರು ಹೇಗೆ ಬಂತೆಂಬುದನ್ನು ನಮ್ಮ ಹಿರಿಯರು ಹೇಳಿದ ಹಾಗೆಯೇ ಬರೆಯುತ್ತೇನೆ. ಇಸವಿ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಬರೆಯುವ ಅಭ್ಯಾಸ ನನಗಿಲ್ಲ.

ಹಿಂದೆ ಒಮ್ಮೆ ಈ ಬಂದರಿನಲ್ಲಿ ಬೆರಳೆಣಿಕೆಯಷ್ಟು ಯೆಹೂದಿ ಮನೆಗಳಿದ್ದವು. ಅವರಲ್ಲಿ ದೊಡ್ಡವನು ಮೆಣಸಿನ ವರ್ತಕ ಪಿನ್ಹಾಸ. ಅವನದು ಯಾಜಕರ ವಂಶ. ಬೈಬಲಿನ ಯಾಜಕಕಾಂಡವನ್ನು ಓದಿದವರಿಗೆ ಆ ವಂಶದವರ ಕಟ್ಟುಪಾಡು ಗೊತ್ತಿರುತ್ತದೆ. ಸೂತಕ, ಮೈಲಿಗೆ ನಮಗೂ ಹೊಸದಲ್ಲ. ಆದರೆ ಅವರ ಲೆಕ್ಕ ಬೇರೆ. ಯಾಜಕ ವಂಶದ ಗಂಡಸು ಹೆಣವನ್ನು ಮುಟ್ಟಬಾರದು. ಹೆಣವಿರುವ ಸೂರಿನಡಿ ನಿಲ್ಲಬಾರದು. ಗೋರಿಯ ಮೇಲೆ ಚಾಚಿದ ಕೊಂಬೆಯೂ ಒಂದು ಸೂರೇ ಎಂದು ತಿಳಿದು ಅದರ ಅಡಿಗೂ ಹೋಗಬಾರದು. ತಂದೆತಾಯಿ, ಹೆಂಡತಿ, ಮಕ್ಕಳು, ಒಡಹುಟ್ಟಿದ ಅಣ್ಣತಮ್ಮಂದಿರು ಸತ್ತರೆ ಈ ನಿಯಮಕ್ಕೆ ವಿನಾಯಿತಿ ಇದೆ. ಮದುವೆಯಾಗದ ತಂಗಿಗೂ ಇದೆ. ಮದುವೆಯಾದ ತಂಗಿಗೆ ಇಲ್ಲ. ಪಿನ್ಹಾಸ ಇದನ್ನೆಲ್ಲ ಕೂದಲೆಳೆಯಷ್ಟೂ ತಪ್ಪದೆ ನಡೆಸುತ್ತಿದ್ದ, ಮತ್ತು ಅದರ ಹೆಮ್ಮೆಯೂ ಅವನಿಗಿತ್ತು. ಕಾಲುವೆಯಾಚೆ ಗಾಣ ನಡೆಸುತ್ತಿದ್ದ ಹಸಾಜಿಯೂ ಶನಿವಾರ ಎತ್ತಿಗೆ ನೊಗ ಹಾಕದ ಯೆಹೂದಿಯೇ. ಊರವರು ಅವನನ್ನು ‘ಶನಿವಾರದ ಗಾಣಿಗ’ ಎಂದೇ ಕರೆಯುತ್ತಿದ್ದರು. ಆದರೆ ಪಿನ್ಹಾಸ ಅವನನ್ನು ತನ್ನವನೆಂದು ಒಪ್ಪಿರಲಿಲ್ಲ. “ಕೊಂಕಣದ ಕಡೆಯಿಂದ ಬಂದವನು. ಹುಟ್ಟಿನ ಗುರುತೇನು, ಸಾಕ್ಷಿಯೇನು?” ಎನ್ನುತ್ತಿದ್ದ. ಪ್ರಾರ್ಥನೆಗೆ ಕರೆಯುತ್ತಿರಲಿಲ್ಲ. ಎಣ್ಣೆ ತಂದರೆ ಹಿತ್ತಿಲ ಜಗಲಿಯಿಂದಲೇ ಕಳುಹಿಸುತ್ತಿದ್ದ. ಅವನ ಮನೆಯ ನೀರನ್ನೂ ಕುಡಿದವನಲ್ಲ.

ಒಂದು ಬೇಸಿಗೆಯಲ್ಲಿ ವಾಂತಿಭೇದಿ ಬಂತು. ಬಂದರಿಗೆ ಬಂದರೇ ದೋಣಿ ಹತ್ತಿ ಹೊಳೆಯಾಚೆ ಹೋಯಿತು. ಪಿನ್ಹಾಸ ಹೋಗಲಿಲ್ಲ, ಏಕೆಂದರೆ ಅವನ ತಂಗಿ ಕೆತುರಾ ಹಾಸಿಗೆ ಹಿಡಿದಿದ್ದಳು. ಅವಳ ಗಂಡ ಬಸ್ರಾಕ್ಕೆ ಹಡಗಿನಲ್ಲಿ ಹೋಗಿದ್ದ. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದವನು ಪಿನ್ಹಾಸನೇ. ಈಗ ಅವಳ ವಾಂತಿ ಬಳಿದವನೂ, ಬಾಯಿಗೆ ಗಂಜಿನೀರು ಬಿಟ್ಟವನೂ ಅವನೇ. ಬದುಕಿರುವವರನ್ನು ಮುಟ್ಟಲು ಯಾವ ಅಡ್ಡಿಯೂ ಇರಲಿಲ್ಲ. ಕೊನೆಯ ಗಳಿಗೆ ಬಂತೆಂದು ಮೊದಲು ತಿಳಿದದ್ದು ಅವಳಿಗೇ.

“ಅಣ್ಣಾ, ಇನ್ನು ಹೊರಗೆ ಹೋಗು” ಎಂದಳು.

“ಸುಮ್ಮನಿರು. ಏನೂ ಆಗುವುದಿಲ್ಲ ನಿನಗೆ.”

“ಹೋಗು ಅಂದೆನಲ್ಲ. ನನ್ನಿಂದ ನಿನಗೆ ಮೈಲಿಗೆ ಬೇಡ.”

ಅವನು ಹಿಮ್ಮೆಟ್ಟುತ್ತ ಹೊಸ್ತಿಲು ದಾಟಿ ಅಂಗಳಕ್ಕೆ ಬಂದ. ಅಲ್ಲಿಂದ ನೋಡುತ್ತಿದ್ದ ಹಾಗೆಯೇ ಅವಳ ಉಸಿರು ನಿಂತಿತು. ಕಣ್ಣು ಮಾತ್ರ ಬಾಗಿಲ ಕಡೆಗೆ ತೆರೆದೇ ಉಳಿಯಿತು. ಆ ಕಣ್ಣು ಮುಚ್ಚಿಸುವವರು ಯಾರೂ ಇರಲಿಲ್ಲ. ಒಳಗೆ ಹೋಗುವಂತಿಲ್ಲ, ಬಿಟ್ಟು ಹೋಗುವಂತೆಯೂ ಇಲ್ಲ. ಬಿಸಿಲು ಏರುತ್ತಿತ್ತು, ನೊಣಗಳು ಬರತೊಡಗಿದ್ದವು. ಅಂಗಳದಲ್ಲಿ ಬೋನಿಗೆ ಬಿದ್ದ ಪ್ರಾಣಿಯಂತೆ ಅವನು ಅತ್ತಿಂದಿತ್ತ ತಿರುಗಿದ ಎನ್ನುತ್ತಾರೆ. ಅವನಿಗೆ ಉಳಿದಿದ್ದದ್ದು ಒಂದೇ ದಾರಿ. ಗತಿಯಿಲ್ಲದ ಹೆಣ ಎದುರಾದರೆ ಎಂಥ ಯಾಜಕನಾದರೂ ಮೈಲಿಗೆಯನ್ನು ಲೆಕ್ಕಿಸದೆ ತನ್ನ ಕೈಯಾರೆ ಮಣ್ಣು ಮಾಡಬೇಕೆಂದು ಅವರ ಧರ್ಮವೇ ಹೇಳುತ್ತದೆ. ಆದರೆ ಮೊದಲು ಕೂಗಬೇಕು. ತನ್ನ ಜನರಲ್ಲಿ ಒಬ್ಬನೇ ಒಬ್ಬ ಓಗೊಟ್ಟರೂ ಆ ಹೆಣಕ್ಕೆ ಗತಿಯಿದೆ ಎಂದಾಯಿತು. ಯಾಜಕ ಹೊರಗೇ ನಿಲ್ಲಬೇಕು.

ಪಿನ್ಹಾಸ ಗಂಟಲು ಹರಿಯುವಂತೆ ಕೂಗಿದ. ಯಾರೂ ಓಗೊಡದಿರಲಿ ಎಂದು ಬೇಡಿಕೊಳ್ಳುತ್ತಲೇ ಕೂಗಿದ. ಉತ್ತರ ಬರಲಿಲ್ಲ. ಅವನು ಮೆಟ್ಟು ಕಳಚಿ ಹೊಸ್ತಿಲ ಬಳಿಗೆ ನಡೆದು ಬಲಗಾಲು ಎತ್ತಿದ. ಆಗ ಕಾಲುವೆಯ ಕಡೆಯಿಂದ “ಓ! ಬಂದೆ, ಸಾಹುಕಾರ್ರೇ!” ಎಂಬ ದನಿ ಕೇಳಿಸಿತು. ಗಾಣದ ಎತ್ತನ್ನು ದೋಣಿಗೆ ಹತ್ತಿಸಲಾಗದೆ ಹಸಾಜಿಯೂ ಅವನ ಹೆಂಡತಿ ಮಲ್ಕಾಬಾಯಿಯೂ ಊರಲ್ಲೇ ಉಳಿದಿದ್ದರು.

“ಬರಬೇಡ, ತಿರುಗಿ ಹೋಗು” ಎಂದು ಪಿನ್ಹಾಸ ಅರಚಿದ.

“ಕರೆದದ್ದು ನೀವೇ ಅಲ್ವಾ? ಕರೆದು ಹಿತ್ತಿಲಿಂದಲೇ ಕಳಿಸೋದು ಇವತ್ತೂ ಬಿಟ್ಟಿಲ್ಲವಾ?”

“ಹಸಾಜೀ, ಅವಳ ಕಣ್ಣು ತೆರೆದೇ ಇದೆ. ‘ನನಗೆ ಕೇಳಿಸಲಿಲ್ಲ’ ಅಂತ ಒಂದು ಮಾತು ಹೇಳು. ನಾನು ಒಳಗೆ ಹೋಗುತ್ತೇನೆ.”

ಹಸಾಜಿ ಅಂಗಳದ ಅಂಚಿನಲ್ಲೇ ನಿಂತ, ಮಲ್ಕಾಬಾಯಿ ಅವನ ಹಿಂದೆ. ಅವನಿಗೂ ಆ ನಿಯಮ ಗೊತ್ತಿತ್ತು. “ಕೇಳಿಸಿದ್ದನ್ನು ಕೇಳಿಸಲಿಲ್ಲ ಅನ್ನೋಕೆ ನನಗೆ ಬರೋದಿಲ್ಲ. ಆದರೆ ಒಂದು ಮಾತು. ಇಷ್ಟು ವರ್ಷ ನೀವು ಹೇಳಿದ ಹಾಗೆ ನಾನು ನಿಮ್ಮವನಲ್ಲದಿದ್ದರೆ ನಿಮ್ಮ ಕೂಗಿಗೆ ಯಾರೂ ಓಗೊಡಲಿಲ್ಲ ಅಂತಲೇ ಆಯಿತು. ಹೋಗಿ, ಕಣ್ಣು ಮುಚ್ಚಿಸಿ. ನಾನು ತಡೆಯೋದಿಲ್ಲ. ನಿಮ್ಮವನು ಹೌದಾದರೆ ಹೊರಗೇ ನಿಲ್ಲಿ. ನೀವೇ ಹೇಳಿ.”

ಒಂದೇ ಒಂದು ಮಾತಿನಿಂದ, ಅದೂ ತಾನು ದಿನಬೆಳಗಾದರೆ ಆಡುತ್ತಿದ್ದ ಮಾತಿನಿಂದ, ಪಿನ್ಹಾಸ ತಂಗಿಯ ಬಳಿಗೆ ಹೋಗಬಹುದಿತ್ತು. ಆ ಮಾತು ಸುಳ್ಳೆಂದು ಬಹುಶಃ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಅವನು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದು ಅಂಗಳಕ್ಕೆ ಬಂದು, ಸಾವಿನ ದುಃಖಕ್ಕೆ ಅವರಲ್ಲಿ ಮಾಡುವಂತೆ ತನ್ನ ಅಂಗಿಯನ್ನು ಎದೆಯ ಬಳಿ ಹರಿದುಕೊಂಡ. “ನಮ್ಮವನೇ” ಎಂದ. “ಮಲ್ಕಾಬಾಯಿ, ಮೊದಲು ಅವಳ ಕಣ್ಣು ಮುಚ್ಚಮ್ಮಾ.”

ಮಲ್ಕಾಬಾಯಿ ಕೆತುರಾಳನ್ನು ತೊಳೆದು ಬಿಳಿಬಟ್ಟೆ ಉಡಿಸಿದಳು. ಹಸಾಜಿ ಎತ್ತನ್ನು ಗಾಡಿಗೆ ಕಟ್ಟಿದ. ಪಿನ್ಹಾಸ ಬರಿಗಾಲಿನಲ್ಲಿ ಹಿಂದೆ ದೂರದಲ್ಲಿ ನಡೆದು, ತಮ್ಮವರ ಗೋರಿಗಳಿದ್ದ ಹೊನ್ನೆಯ ಕೊಂಬೆಗಳು ಶುರುವಾಗುವಲ್ಲಿ ನಿಂತ. ಅದರಾಚೆಗೆ ಅವನಿಗೆ ಪ್ರವೇಶವಿರಲಿಲ್ಲ. ಎಲೆ ಎಷ್ಟು ದಟ್ಟವಾಗಿತ್ತೆಂದರೆ ಹಸಾಜಿ ತೋಡಿದ ಕುಣಿ ಅವನಿಗೆ ಕಾಣುತ್ತಿರಲಿಲ್ಲ. ಹಸಾಜಿ ಹಾರೆ ಕೆಳಗಿಟ್ಟು ಅವನನ್ನು ಒಮ್ಮೆ ನೋಡಿದ. ಆಮೇಲೆ ಕೊಡಲಿ ಹಿಡಿದು ಮರ ಹತ್ತಿದ. ತೆಂಕಣ ಕಡೆಯ ಆ ದೊಡ್ಡ ಕೊಂಬೆಯೇ ಎಲ್ಲಕ್ಕಿಂತ ಹೆಚ್ಚು ಕಾಯಿ ಬಿಡುತ್ತಿತ್ತು. ಹಸಾಜಿಯ ಗಾಣ ನಡೆಯುತ್ತಿದ್ದದ್ದು ಆ ಕಾಯಿಗಳಿಂದಲೇ. ಅವನು ಅದನ್ನು ಬುಡದವರೆಗೆ ಕಡಿದುರುಳಿಸಿ, ಎಳೆದು ದೂರ ಹಾಕಿದ.

“ಈಗ ಬನ್ನಿ” ಎಂದು ಅಲ್ಲಿಂದಲೇ ಹೇಳಿದ. “ಇಲ್ಲಿ ಸೂರಿಲ್ಲ.”

ಪಿನ್ಹಾಸ ಬಿಸಿಲಿನೊಳಗೇ ಮುಂದೆ ಬಂದ. ಕುಣಿಯಿಂದ ನಿಯಮ ಹೇಳುವ ನಾಲ್ಕು ಮೊಳ ದೂರ ಬಿಟ್ಟು, ಅವರಲ್ಲಿ ಸಾವಿನ ದುಃಖದಲ್ಲಿರುವವರು ಕೂರುವ ಹಾಗೆ ನೆಲದ ಮೇಲೆ ಕುಳಿತ. ತಂಗಿಯ ಮೇಲೆ ಮಣ್ಣು ಬೀಳುವುದನ್ನು ಕೊನೆಯ ಹಿಡಿಯವರೆಗೆ ನೋಡಿದ. ಸಾವಾದ ಮೇಲಿನ ಮೊದಲ ಊಟ ಅವರಲ್ಲಿ ತಮ್ಮ ಮನೆಯದಾಗಿರಬಾರದು, ನೆರೆಯವರು ತಂದದ್ದಾಗಿರಬೇಕು. ಮಲ್ಕಾಬಾಯಿ ಬೇಯಿಸಿದ ಚನ್ನಂಗಿಬೇಳೆಯನ್ನೂ ಮೊಟ್ಟೆಯನ್ನೂ ತಂದಿಟ್ಟಳು. ಪಿನ್ಹಾಸ ಗಾಣಿಗನ ಮನೆಯ ಬಟ್ಟಲಿನಿಂದ ಉಂಡ. ನೀರನ್ನೂ ಕೇಳಿ ಕುಡಿದ. ಅವನು ಕುಳಿತಿದ್ದ ಜಾಗದಲ್ಲಿ, ನೆಲಕ್ಕೆ ಹತ್ತಿರವಾಗುವಂತೆ ತಗ್ಗಾಗಿ, ಕಟ್ಟೆ ಕಟ್ಟಿದವರು ಹೊಳೆಯಾಚೆಯಿಂದ ಮರಳಿದ ಊರವರು ಎನ್ನುತ್ತಾರೆ.

ಇಂದು ಇಲ್ಲಿ ಯೆಹೂದಿಗಳಿಲ್ಲ. ಆದರೂ ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಊರಿನವರೊಬ್ಬರು ಕತ್ತಿ ಹಿಡಿದು ಬಂದು ತೆಂಕಣ ಕಡೆಯ ಚಿಗುರನ್ನು ಸವರುತ್ತಾರೆ. ಏಕೆಂದು ಕೇಳಿದರೆ “ಕಟ್ಟೆಯ ಮೇಲೆ ಕೊಂಬೆ ಬರಬಾರದು” ಎನ್ನುವರೇ ಹೊರತು ಬೇರೆ ಕಾರಣ ಅವರಿಗೆ ತಿಳಿಯದು. ನೋಡಲು ಬಂದವರು ದಯವಿಟ್ಟು ನಗುವ ಮೊದಲು ಒಮ್ಮೆ ಅದರ ಮೇಲೆ ಕುಳಿತು ನೋಡಬೇಕು. ತಲೆಯ ಮೇಲೆ ಬರಿಯ ಆಕಾಶ. ಕಡಿದ ಕೊಂಬೆಯ ಕಪ್ಪು ಗಂಟು ಮರದ ಮೈಯಲ್ಲಿ ಕಾಣುತ್ತದೆ. ಅದರ ಕೆಳಗೆ ನೇರ ಎದುರಿಗೆ ಒಂದೇ ಒಂದು ಗೋರಿ. ಕೈ ಚಾಚಿದರೆ ಅದು ಸಿಗುವುದಿಲ್ಲ, ಆದರೆ ಅದಕ್ಕಿಂತ ಹತ್ತಿರ ಕೂರಲು ಪಿನ್ಹಾಸನಿಗೆ ಬೇರೆ ಜಾಗವಿರಲಿಲ್ಲ.