ಎಣ್ಣಿ ಕುಡಿದ ಕುಡಗೋಲು

ಬಾಳ ಹಿಂದಕ, ಕಾಲುವಿ ದಂಡಿ ಮ್ಯಾಲಿನ ಒಂದೂರಾಗ ಮಾನವ್ವ ಅಂತ ಒಬ್ಬಾಕಿ ಇದ್ದಳಂತ. ಕಮ್ಮಾರ ಕಾಳಪ್ಪನ ಹೇಣ್ತಿ. ಆಕಿ ಸುತ್ತಿಗಿ ಎತ್ತಿ ಹೊಡದ್ರ ಮೂರೂರಿಗೆ ಕೇಳತಿತ್ತಂತ. ಏಳೂರಿಗೆ ಅನ್ನೋರೂ ಅದಾರ. ನಮ್ಮವ್ವ ಮೂರೇ ಅಂತಿದ್ದಳು, ನಾನೂ ಮೂರೇ ಅಂತೀನಿ.

ಬೆಂಕಿ ನೋಡಿ ನೋಡಿ ಕಾಳಪ್ಪನ ಕಣ್ಣು ಹೋದುವು. ಜ್ವಾಳ ಕೊಯ್ಯೋ ಹೊತ್ತು. ಹಿರೇರು ಬಂದು, ಎಂಟು ದಿನದಾಗ ಕುಡಗೋಲು ಆಗದಿದ್ರ ಬ್ಯಾರೆ ಊರಿನ ಕಮ್ಮಾರನ್ನ ತಂದು ಕೂಡಿಸ್ತೀವಿ ಅಂದರಂತ. ಅಂದ್ರ ಕುಲುಮಿನೂ ಹೋತು, ಊರೂ ಬಿಟ್ಟಂಗ. ಮಾನವ್ವ ಸೆರಗು ಸೊಂಟಕ್ಕ ಸಿಗಿಸಿ, ನಾನಽ ಮಾಡಿಕೊಡ್ತೀನಿ ಅಂದಳಂತ.

ಕಬ್ಬಿಣ ಎಲ್ಲಿಂದ ತರಬೇಕು? ಕಾಲುವಿ ತೋಡಾಕ ಬಂದ ದೊಡ್ಡ ಮಷಿನ್ನೊಂದು ಎರಿ ಮಣ್ಣಾಗ ಹುಗದು ಕುಂತಿತ್ತು. ತಂದವರು ಎಳದೆಳದು ಸಾಕಾಗಿ, ಊರಿಗೇ ಇರಲಿ ಅಂತ ಬಿಟ್ಟು ಹೋಗಿದ್ದರು. ಅದರ ಮಣ್ಣು ತಳ್ಳೋ ಅಲಗನ್ನ ಮಾನವ್ವ ಬಿಚ್ಚಿ, ಒಬ್ಬಾಕಿನೇ ತಲಿ ಮ್ಯಾಲೆ ಹೊತ್ತು ತಂದಳಂತ. ಅಬ್ಬಬ್ಬಾ, ಏನ ಉಕ್ಕದು! ಮೂರು ದಿನ ಕಾಸಿ ಬಡದ ಮ್ಯಾಲೆ ಬಗ್ಗಿತಂತ.

ಹಿರೇರ ಮುಂದ ಮೊದಲನೇ ಕುಡಗೋಲು ಕೆಂಪಗ ಕಾಸಿ, ಯಾವಾಗಿನಂಗ ನೀರಿನಾಗ ಅದ್ದಿದಳಂತ. ಟಣ್ ಅಂತ ಸೀಳತು. ಎರಡನೇದೂ ಸೀಳತು. ಮೂರನೇದೂ. ಹಿರೇರು ಧೋತರ ಝಾಡಿಸಿ ಎದ್ದು ಹೋದರು. ಮಾನವ್ವ ಅಲ್ಲೇ ಕುಂತು ಅತ್ತಳಂತ. ಅಳದ ಏನ ಮಾಡ್ಯಾಳು ಪಾಪ!

ಕಾಳಪ್ಪ ಸೀಳಿದ ತುಂಡು ಸವರಿ ನೋಡಿ ಕೇಳಿದನಂತ, “ಆ ಮಷಿನ್ನು ಏನ ಕುಡೀತಿತ್ತಲೇ?”

“ಎಣ್ಣಿ.”

“ಹುಟ್ಟಿದಾಗಿಂದ ಎಣ್ಣಿ ಕುಡದದ್ದಕ್ಕ ನೀರು ಕೊಟ್ರ ಸಿಟ್ಟು ಬರೂದಿಲ್ಲೇನು?”

ಅಳಕೋತನಽ ನಕ್ಕಳಂತ ಆಕಿ. ಆದ್ರ ಮನ್ಯಾಗ ದೀಪಕ್ಕಷ್ಟೇ ಎಣ್ಣಿ. ಮನಿಮನಿಗೆ ಹೋಗಿ ಹಿತ್ತಲ ಬಾಗಿಲದಾಗ ನಿಂತು ಕೇಳಿದಳಂತ. ಆಕಿಗೆ ಎಣ್ಣಿ ಕೊಡಬ್ಯಾಡ್ರಿ ಅಂತ ಹಿರೇರು ಹೇಳಿದ್ದರೂ ಹೆಣ್ಣುಮಕ್ಕಳು ಒಬ್ಬೊಬ್ಬರು ಒಂದೊಂದು ಸೌಟು ಕುಸುಬಿ ಎಣ್ಣಿ ಸೆರಗಿನಾಗ ಮುಚ್ಚಿ ತಂದು ಸುರದರು. ಕುಲುಮ್ಯಾಗ ಕಾಸಿದ ಕಬ್ಬಿಣ ಅದ್ದೋ ಕಲ್ಲಿನ ದೋಣಿ ತುಂಬಿತು. ಕುಡಗೋಲು ಅದ್ದಿದ ಕೂಡಲೇ ಭಗ್ ಅಂತ ಉರಿ ಎದ್ದಿತಂತ, ಸೀಳಲಿಲ್ಲ. ಎಂಟನೇ ದಿನ ಹಿರೇರೇ ಬಂದು ಕುಲುಮಿ ಮುಂದ ಸಾಲು ಹಚ್ಚಿದರು. ಮನ್ಯಾಗ ಎಣ್ಣಿ ಇರದ, ಆ ಸುಗ್ಗಿ ಮುಗಿಯೋತನಕ ಊರಿಗೆ ಊರೇ ಒಗ್ಗರಣಿ ಇಲ್ಲದ ಉಂಡಿತಂತ.

ಈಗ ತಿದಿ ಒತ್ತೋರಿಲ್ಲ, ಕರೆಂಟಿನ ಪಂಖಾ ಊದತೈತಿ. ಆ ಸದ್ದು ಕೇಳಿದಾಗೆಲ್ಲ ನನಗ ಹಳೇ ತಿದಿ ನೆನಪಾಗತೈತಿ. ಆದ್ರೂ ಹೊಸ ಕುಡಗೋಲು ಮಾಡಸೋರು ಒಂದು ಸೌಟು ಎಣ್ಣಿ ಒಯ್ದು ಮಾನವ್ವನ ದೋಣಿಗೆ ಸುರೀತಾರ. ಅವತ್ತು ಆ ಮನ್ಯಾಗ ಒಗ್ಗರಣಿ ಹಾಕೂದಿಲ್ಲ.

ನನ್ನ ಸೊಸಿ ಈಗಷ್ಟೇ ಸೌಟು ಹಿಡಕೊಂಡು ಕುಲುಮಿಗೆ ಹೋದಳು. ಇವತ್ತು ಸಪ್ಪನ ಸಾರು. ಯಾರೂ ಮಾರಿ ಸೊಟ್ಟ ಮಾಡಬ್ಯಾಡ್ರಿ, ಸುಮ್ನ ಉಣ್ರಿ.