ಎಡಗಡೆ ಕೂತವಳು

ಶಿಷ್ಯ ಕೇಳಿದ: “ಗುರುಗಳೇ, ಮನುಷ್ಯನ ನಡತೆ ಇದ್ದಕ್ಕಿದ್ದಂತೆ ಕೆಟ್ಟರೆ, ಅದು ಅವನ ರೋಗವೋ ಗುಣವೋ ಎಂದು ತಿಳಿಯುವುದು ಹೇಗೆ?”

ಗುರುಗಳು ಹೇಳಿದರು: “ಕೇಳುವುದು ಸುಲಭ, ಉತ್ತರ ಹೇಳುವವನ ಪಾಡು ನಿನಗೇನು ಗೊತ್ತು. ಒಂದು ಕತೆ ಇದೆ. ನನಗೆ ಇಷ್ಟವಾದ ಕತೆಯಲ್ಲ. ಆದರೂ ಕೇಳು.”

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನು ಮಗ್ಗದಲ್ಲಿ ಕೂತರೆ ಹೆಂಡತಿ ಅವನ ಎಡಗಡೆ ಕೂತು ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ಅಡುಗೆಮನೆಯ ಬಾಗಿಲೂ ಆ ಕಡೆಗೇ ಇತ್ತು. ಮೂವತ್ತು ವರ್ಷ ಅದೇ ಅವಳ ಜಾಗ. ಬಲಗಡೆ ಮಗನ ಮಗ್ಗ. ಗಂಡ ಹೆಂಡತಿ ಹೆಚ್ಚು ಮಾತಿನವರಲ್ಲ. ನೂಲು ಮುಗಿದಾಗ ಅವನು ಎಡಗೈ ಚಾಚುತ್ತಿದ್ದ, ಅವಳು ಕೊಡುತ್ತಿದ್ದಳು. ಅಷ್ಟರಲ್ಲೇ ಅವರ ಸಂಸಾರ ಚೆನ್ನಾಗಿ ನಡೆದಿತ್ತು.

ಒಂದು ಶ್ರಾವಣದಲ್ಲಿ ನೇಕಾರನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಎಂಟು ದಿನ ಎಚ್ಚರವಿರಲಿಲ್ಲ. ಎಚ್ಚರವಾದ ಮೇಲೆ ಮಾತು ಸರಿಯಾಗಿಯೇ ಬಂತು. ಮಗನನ್ನು ಗುರುತಿಸಿದ. ಮಗ್ಗದಲ್ಲಿ ಅರ್ಧಕ್ಕೆ ನಿಂತ ಸೀರೆ ಏನಾಯಿತು ಎಂದು ವಿಚಾರಿಸಿದ. ಹೆಂಡತಿಯ ವಿಷಯ ಮಾತ್ರ ಕೇಳಲಿಲ್ಲ.

ಮಗ್ಗದ ಪಕ್ಕದಲ್ಲೇ ಅವನಿಗೆ ಮಂಚ ಹಾಕಿದ್ದರು. ಅವಳು ಎಂದಿನಂತೆ ಎಡಗಡೆ ಬಂದು ಕೂತಳು. ಅವಳು ಮಾತಾಡಿಸಿದರೆ ಅವನು ಮುಖವನ್ನು ಬಲಕ್ಕೆ ತಿರುಗಿಸುತ್ತಿದ್ದ. ತಟ್ಟೆ ಇಟ್ಟರೆ ಬಲಗಡೆಯ ಮುದ್ದೆ ತಿನ್ನುತ್ತಿದ್ದ, ಎಡಗಡೆ ಬಡಿಸಿದ ಪಲ್ಯ ಹಾಗೆಯೇ ಉಳಿಯುತ್ತಿತ್ತು. ಅವನಿಗೆ ಪ್ರೀತಿಯೆಂದು ಹುರುಳಿಕಾಳಿನ ಪಲ್ಯ ಮಾಡಿದಳು. ಅದನ್ನೂ ಮುಟ್ಟಲಿಲ್ಲ.

ನೆರೆಯವರ ಬಾಯಿ ಸುಮ್ಮನಿರುತ್ತದೆಯೇ. ಯಾರೋ ಮದ್ದು ಹಾಕಿದ್ದಾರೆ ಎಂದರು ಕೆಲವರು. ಕಾಯಿಲೆ ಬಂದಾಗಲೇ ಮನಸ್ಸಿನಲ್ಲಿದ್ದದ್ದು ಹೊರಗೆ ಬರುವುದು ಎಂದಳು ಒಬ್ಬ ಮುದುಕಿ. ಹೆಂಡತಿ ಈ ಮಾತನ್ನು ನಂಬಿದಳು. ಮೂವತ್ತು ವರ್ಷದಲ್ಲಿ ತಾನೆಲ್ಲಿ ತಪ್ಪಿದೆ ಎಂದು ಹುಡುಕತೊಡಗಿದಳು. ಹುಡುಕಿದರೆ ತಪ್ಪು ಯಾರಿಗೆ ಸಿಗುವುದಿಲ್ಲ? ಅವಳಿಗೂ ಸಿಕ್ಕವು. ಬರಬರುತ್ತ ಮಾತು ಬಿಟ್ಟಳು. ತಟ್ಟೆ ಇಟ್ಟು, ತಲೆ ಬಗ್ಗಿಸಿ ಕೂತು, ಎದ್ದು ಹೋಗುವಳು.

ನೇಕಾರನ ಕತೆ ಬೇರೆ. ಹೆಂಡತಿಯ ದನಿ ಅವನಿಗೆ ಕೇಳಿಸಿತ್ತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ. ತಾನು ಎಚ್ಚರ ತಪ್ಪಿದಾಗ ಅವಳು ಸತ್ತಿರಬೇಕು, ಮನೆಯವರು ಮುಚ್ಚಿಡುತ್ತಿದ್ದಾರೆ ಎಂದುಕೊಂಡ. ಕೇಳಿದರೆ ಹೌದು ಎಂದುಬಿಟ್ಟಾರು ಎಂಬ ಹೆದರಿಕೆಗೆ ಕೇಳಲಿಲ್ಲ. ಆಮೇಲೆ ದನಿಯೂ ನಿಂತಿತು. ಅವನು ಒಬ್ಬನೇ ಅಳುತ್ತಿದ್ದ. ಪಕ್ಕದಲ್ಲಿ ಕೂತವಳು ಆ ಅಳುವನ್ನೂ ತನ್ನ ಮೇಲಿನ ಬೇಸರವೆಂದೇ ತಿಳಿದಳು.

ಮಹಾಲಯ ಅಮಾವಾಸ್ಯೆ ಬಂತು, ಸತ್ತ ಹಿರಿಯರಿಗೆ ಎಡೆ ಇಡುವ ದಿನ. ನೇಕಾರ ಮಗನನ್ನು ಕರೆದು, “ನಿಮ್ಮವ್ವನ ಹೆಸರಲ್ಲೂ ಒಂದು ಎಡೆ ಇಡು. ಹಸಿರು ಸೀರೆ ಇಡು,” ಎಂದ.

“ಅವ್ವ ಇಲ್ಲೇ ಕೂತವ್ಳಲ್ಲಪ್ಪ,” ಎಂದ ಮಗ.

ನೇಕಾರ ಬಲಕ್ಕೆ ನೋಡಿದ. ಬೀದಿ ಬಾಗಿಲತನಕ ನೋಡಿದ. “ಎಲ್ಲವ್ಳೆ? ಮಗೂಗೆ ಹೇಳ್ದಂಗೆ ಹೇಳಬ್ಯಾಡ. ಅವಳು ಹೋಗಿದ್ದು ನಂಗೆ ಗೊತ್ತು.”

ಹೆಂಡತಿ ಎದ್ದಳು. ಬದುಕಿರುವವಳಿಗೆ ಎಡೆ ಇಡಿಸುವ ಗಂಡನ ಮನೆಯಲ್ಲಿ ಅವಳಿಗೇನು ಕೆಲಸ? ಅಂದೇ ಅಣ್ಣನ ಊರಿಗೆ ಹೊರಟುಹೋದಳು.

ವಾರದ ಮೇಲೆ ಒಬ್ಬ ವೈದ್ಯ ಬಂದ. ದೀಪ ಹಿಡಿದು ರೋಗಿಯ ಬಲದಿಂದ ಎಡಕ್ಕೆ ಮೆಲ್ಲಗೆ ಸರಿಸಿದ. ಮೂಗಿನ ನೇರ ದಾಟಿದ ಕೂಡಲೇ ನೇಕಾರ, “ದೀಪ ಆರ್‍ತು,” ಎಂದ. ದೀಪ ಉರಿಯುತ್ತಲೇ ಇತ್ತು. ಕಣ್ಣಿಗೆ ಏನೂ ಆಗಿಲ್ಲ, ಮೆದುಳಿನ ಬಲಭಾಗ ಕೆಟ್ಟಿದೆ, ಇವನ ಪಾಲಿಗೆ ಎಡಗಡೆ ಅನ್ನುವುದೇ ಇಲ್ಲ ಎಂದು ವೈದ್ಯ ತಿಳಿಸಿದ. ಮಗ ಅದನ್ನು ಅಪ್ಪನಿಗೆ ಬಿಡಿಸಿ ಹೇಳಿದ. ಅಪ್ಪನಿಗೆ ಅರ್ಥವಾಗಲಿಲ್ಲ. ಮಗ ತಾಯಿಯ ಬಳಿಗೆ ಓಡಿದ.

ತಾಯಿ ಎಲ್ಲವನ್ನೂ ಕೇಳಿದಳು. “ಕಣ್ಣು ನೆಟ್ಟಗವೆ ಅಂತೀಯ, ಕಾಣಾಕಿಲ್ಲ ಅಂತೀಯ. ಅಪ್ಪನ ಮಾನ ಉಳಿಸಾಕೆ ಬಂದಿದ್ದೀಯ, ಉಣ್ಣು, ಹೋಗು,” ಎಂದಳು.

ನೇಕಾರ ಇನ್ನೆರಡು ವರ್ಷ ಬದುಕಿದ. ಎರಡು ವರ್ಷವೂ ಅವಳ ಹೆಸರಲ್ಲಿ ಎಡೆ ಇಡಿಸಿದ. ಅವನು ಸತ್ತ ಸುದ್ದಿ ಕೇಳಿ ಅವಳು ಬಂದಳು. ಹೆಣದ ಮುಂದೆಯೂ ತಲೆ ಎತ್ತಲಿಲ್ಲವಂತೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಇದೆಂಥ ಅನ್ಯಾಯ, ಗುರುಗಳೇ. ಅವಳು ಒಂದು ದಿನ ಎದ್ದು ಬಲಗಡೆ ಹೋಗಿ ನಿಂತಿದ್ದರೆ ಸಾಕಿತ್ತಲ್ಲ?”

ಗುರುಗಳು ಅವನನ್ನೇ ನೋಡಿದರು. “ನಿನ್ನನ್ನು ಕಂಡು ಮುಖ ತಿರುಗಿಸಿದವನು ಯಾವ ಕಡೆಗೆ ತಿರುಗಿದನೋ ಆ ಕಡೆಗೆ, ನೀನು ಎಂದಾದರೂ ಹೋಗಿ ನಿಂತಿದ್ದೀಯಾ?”