ಗೋಡೆ ಬದಿಯ ಅಧ್ಯಕ್ಷೆ

ಪಂಚಾಯ್ತಿ ಅಧ್ಯಕ್ಷೆಯಾಗಿ ಗೆದ್ದವಳು ನೀಲವ್ವ. ಕುರ್ಚಿಯಲ್ಲಿ ಕೂತವನು ಅವಳ ಮಾವ ರುದ್ರಗೌಡ. "ಟ್ಯಾಂಕಿನ ನೀರು ಹೊಲಸಾಗೇತ್ರಿ, ತೊಳಸೋಣು" ಎಂದು ಅವಳು ಗೋಡೆ ಬದಿ ನಿಂತು ಹೇಳಿದರೆ, "ಇಲ್ಲಿ ಅಧ್ಯಕ್ಷ ನಾನು, ನೀ ಚಹಾ ಮಾಡು" ಎನ್ನುತ್ತಿದ್ದ.

ಅವಳಿಗೆ ರಾಜಕೀಯ ಕಲಿಸುತ್ತಿದ್ದವಳು ಹಳೆಯ ಸದಸ್ಯೆ ಕಾಶವ್ವ. "ಕುರ್ಚಿಗೆ ಜಗಳಾಡಬ್ಯಾಡ ಮಗಳ. ಲಾಭಕ್ಕ ಕೂತಾಂವ ನಷ್ಟ ಬಂದ ದಿನ ತಾನ ಏಳತಾನ."

ಆ ಟ್ಯಾಂಕಿನ ನೀರು ಕುಡಿದು ವಾಂತಿಭೇದಿಯಾಗಿ ಒಂದು ಕೂಸು ಸತ್ತಿತು. ಜನ ಹೆಣವನ್ನು ಪಂಚಾಯ್ತಿ ಕಟ್ಟೆಗೆ ತಂದರು. "ಎಲ್ಲಿ ಅಧ್ಯಕ್ಷ?"

ಕಾಶವ್ವ ಬಾಗಿಲು ಪೂರ್ತಿ ತೆರೆದಳು. "ಕುರ್ಚಿಯಾಗ ಕುಂತಾರ ನೋಡ್ರಿ."

ಗೌಡ ಹಾರಿ ಎದ್ದ. "ನಾನಲ್ರೋ! ಅಧ್ಯಕ್ಷೆ ಈಕಿ!"

"ಊರ ಮುಂದ ಒಪ್ಪಿದಿರಿ, ಸಾಕು" ಎಂದಳು ಕಾಶವ್ವ.

ನೀಲವ್ವ ಕುರ್ಚಿಯನ್ನು ಹೊರಗೊಯ್ದು ಕೂಸಿನ ತಾಯಿಯನ್ನು ಕೂಡಿಸಿದಳು. ಆಮೇಲೆ ಮೊದಲ ಹುಕುಂ ಹೊರಡಿಸಿದಳು.

"ಮಾವಾರ, ಕಸಬರಿಗಿ ತಗೊಳ್ರಿ. ಟ್ಯಾಂಕ್ ತೊಳಿಯೋದೈತಿ."